ಕಲ್ಲಿನ ಮೇಲೆ ಯಾರ ಹೆಸರಿದೆ? ಶ್ರೀರಂಗಪಟ್ಟಣದ ಗುರುತುಗಳ ಜೊತೆ ಒಂದು ಸಂಜೆ

(ಶ್ರೀರಂಗಪಟ್ಟಣದಲ್ಲಿ ಊರಿನ ಓದುಗರು ಮತ್ತು ಹೈಸ್ಕೂಲು ಮಕ್ಕಳ ಮುಂದೆ ಆಡಿದ ಮಾತು. ಬರೆದುಕೊಳ್ಳುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಭಾಗ ಮಾತು ಮುಗಿದ ಮೇಲೆ ನಡೆದದ್ದು.)

ಎಲ್ಲರಿಗೂ ನಮಸ್ಕಾರ.

ನಾನು ಮೇಷ್ಟ್ರಾಗಿದ್ದವನು. ಪ್ರತಿ ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಈ ಪಟ್ಟಣದ ಕೋಟೆ ಸುತ್ತಿಸುತ್ತಿದ್ದೆ. ಬಸ್ಸು ಬೇಡ, ನಡೆದೇ ಸುತ್ತೋಣ ಅನ್ನುತ್ತಿದ್ದೆ. ನಡೆದರೆ ಮಾತ್ರ ಕಲ್ಲು ಕಣ್ಣಿಗೆ ಬೀಳುತ್ತದೆ. ಒಂದು ವರ್ಷ ಕೋಟೆಯ ಪಶ್ಚಿಮದ ಕಡೆ, ನದಿ ಕಾಣುವ ಜಾಗದಲ್ಲಿರುವ ಎತ್ತರದ ಸ್ಮಾರಕ ಕಂಬದ ಹತ್ತಿರ ನಿಂತಿದ್ದೆವು. ಮಕ್ಕಳು ಇಂಗ್ಲಿಷ್ ಹೆಸರುಗಳನ್ನು ಕೂಡಿಸಿಕೊಂಡು ಓದುತ್ತಿದ್ದರು. ಕ್ಯಾಪ್ಟನ್ ಇಂಥವರು, ಲೆಫ್ಟಿನೆಂಟ್ ಇಂಥವರು. ಒಬ್ಬ ಹುಡುಗ ಕಂಬದ ಸುತ್ತ ಒಂದು ಸುತ್ತು ಹಾಕಿಕೊಂಡು ಬಂದ. ಬಂದವನೇ ಕೇಳಿದ: "ಮೇಷ್ಟ್ರೇ, ಒಳಗಿದ್ದವರ ಹೆಸರು ಯಾವ ಕಡೆ ಇದೆ?"

ಅಂದರೆ ಕೋಟೆಯ ಒಳಗಿದ್ದವರು. ಕೋಟೆ ಕಾಯುತ್ತಾ ಸತ್ತವರು. ಅವರ ಹೆಸರು ಯಾವ ಕಡೆಯೂ ಇಲ್ಲ. ಇಲ್ಲ ಕಣಪ್ಪ ಅಂದೆ. ಅವನು ಯಾಕೆ ಅಂದ. ಅವತ್ತು ಅವನಿಗೆ ಸರಿಯಾಗಿ ಉತ್ತರ ಹೇಳಲಿಲ್ಲ. ಹೊತ್ತಾಯ್ತು, ನಡೀರಿ ಅಂದುಬಿಟ್ಟೆ. ಆ ಉತ್ತರವನ್ನು ಇವತ್ತು ನಿಮ್ಮ ಮುಂದೆ ಹೇಳೋಣ ಅಂತ ಬಂದಿದ್ದೇನೆ.

ಮೊದಲು ಆ ಕಂಬದಿಂದಲೇ ಶುರು ಮಾಡೋಣ.

1799ರ ಮೇ 4ರಂದು, ಮಧ್ಯಾಹ್ನದ ಬಿಸಿಲಿನಲ್ಲಿ, ಬ್ರಿಟಿಷ್ ಸೈನ್ಯ ಕಾವೇರಿ ದಾಟಿ ಕೋಟೆಯ ಒಡೆದ ಗೋಡೆ ಹತ್ತಿತು. ಯಾಕೆ ಮೇ ತಿಂಗಳು? ನದಿಯಲ್ಲಿ ನೀರು ಕಡಿಮೆ, ಬಂಡೆ ತೇಲಿರುತ್ತವೆ, ನಡೆದುಕೊಂಡು ದಾಟಬಹುದು. ಮಳೆ ಹಿಡಿದರೆ ಕಾವೇರಿಯೇ ಪಟ್ಟಣದ ಕಾವಲು ಕಾಯುತ್ತಾಳೆ. ಹಾಗಾಗಿ ಅವರಿಗೆ ಮಳೆಗೆ ಮುಂಚೆ ಮುಗಿಸಬೇಕಿತ್ತು. ಟಿಪ್ಪುವಿಗೆ ಮಳೆಯವರೆಗೆ ತಡೆದರೆ ಸಾಕಿತ್ತು. ಈ ಮಾತು ನಿಮಗೆ ಪುಸ್ತಕದಲ್ಲಿ ಓದಿದರೆ ಒಂದು ಸಾಲು. ಆ ಕಂಬದ ಹತ್ತಿರ ಮೇ ತಿಂಗಳಲ್ಲಿ ನಿಂತು ನದಿ ಕಡೆ ನೋಡಿ, ಪೂರ್ತಿ ಅರ್ಥ ಆಗುತ್ತದೆ. ಗುರುತಿನ ಕಲ್ಲಿನ ದೊಡ್ಡ ಉಪಯೋಗ ಇದೇ ಅಂತ ನನಗೆ ಅನಿಸುತ್ತದೆ. ಅದು ನಮ್ಮನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುತ್ತದೆ.

ಆದರೆ ಆ ಕಂಬ 1799ರದ್ದಲ್ಲ. ಅದನ್ನು ನಿಲ್ಲಿಸಿದ್ದು 1907ರಲ್ಲಿ. ಯುದ್ಧ ಆಗಿ ನೂರೆಂಟು ವರ್ಷ ಆದ ಮೇಲೆ. ನಿಲ್ಲಿಸಿದವರು ಮೈಸೂರು ಸರ್ಕಾರದವರು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ. ಇಲ್ಲಿ ಮಕ್ಕಳಿಗೆ ಗೊಂದಲ ಆಗುತ್ತದೆ. ನಮ್ಮ ಮಹಾರಾಜರು ಬ್ರಿಟಿಷ್ ಸೈನ್ಯದ ನೆನಪಿಗೆ ಯಾಕೆ ಕಂಬ ಕಟ್ಟಿಸಿದರು?

ಸ್ವಲ್ಪ ನಿಧಾನವಾಗಿ ಯೋಚಿಸಿ. 1799 ಈ ಪಟ್ಟಣಕ್ಕೆ ಎಲ್ಲ ಕಳೆದುಕೊಂಡ ವರ್ಷ. ಮೈಸೂರಿನ ಅರಮನೆಗೆ ಅದು ರಾಜ್ಯ ವಾಪಸ್ ಬಂದ ವರ್ಷ. ಆ ವರ್ಷದ ಜೂನ್ 30ರಂದು ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನಲ್ಲಿ ಗದ್ದುಗೆಗೆ ಕೂರಿಸಿದರು. ರಾಜಧಾನಿ ಇಲ್ಲಿಂದ ಎದ್ದು ಅಲ್ಲಿಗೆ ಹೋಯಿತು. ಒಂದೇ ವರ್ಷ. ಹದಿನೈದು ಕಿಲೋಮೀಟರ್ ದೂರದ ಎರಡು ಊರಿಗೆ ಅದರ ಅರ್ಥ ಬೇರೆ ಬೇರೆ. 1907ರಲ್ಲಿ ಕಲ್ಲು ನಿಲ್ಲಿಸುವ ಶಕ್ತಿ ಇದ್ದದ್ದು ಮೈಸೂರಿನ ಅರ್ಥಕ್ಕೆ. ಮೇಲೆ ಬ್ರಿಟಿಷರ ನೆರಳೂ ಇತ್ತು. ಹಾಗಾಗಿ ಕಂಬದ ಮೇಲೆ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ಹೆಸರು ಬಂತು. ಅದೇ ಸೈನ್ಯದಲ್ಲಿ ಅವರಿಗಾಗಿ ಸತ್ತ ನಮ್ಮ ನಾಡಿನ ಸಿಪಾಯಿಗಳೂ ಇದ್ದರು. ಆ ಅಧಿಕಾರಿಗಳಿಗೆ ಸಿಕ್ಕ ಹಾಗೆ ಇವರಿಗೆ ಒಂದೊಂದು ಹೆಸರು ಸಿಗಲಿಲ್ಲ. ಒಳಗೆ ಸತ್ತವರ ಲೆಕ್ಕವಂತೂ ಸಾವಿರಗಳಲ್ಲಿ. ಅವರದು ಒಂದೂ ಇಲ್ಲ.

ಆದ್ದರಿಂದ ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ: ಯಾವುದೇ ಕಲ್ಲು ಕಂಡರೆ ಎರಡು ಇಸವಿ ಹುಡುಕಿ. ಒಂದು, ಘಟನೆ ನಡೆದ ಇಸವಿ. ಇನ್ನೊಂದು, ಕಲ್ಲು ನೆಟ್ಟ ಇಸವಿ. ಎರಡನೆಯದು ಜಾಸ್ತಿ ಮಾತಾಡುತ್ತದೆ.

ಕೋಟೆಯೊಳಗೆ ಉತ್ತರದ ಗೋಡೆ ಹತ್ತಿರ ಇನ್ನೊಂದು ಕಲ್ಲಿದೆ. ಅದು ತುಂಬಾ ಸಣ್ಣದು. ಟಿಪ್ಪು ಸುಲ್ತಾನರ ದೇಹ ಇಲ್ಲಿ ಸಿಕ್ಕಿತು ಅನ್ನುವ ಅರ್ಥದ ಇಂಗ್ಲಿಷ್ ಸಾಲು ಅದರ ಮೇಲಿದೆ, ಅಷ್ಟೇ. ನಾವೆಲ್ಲ ಆಡುಮಾತಿನಲ್ಲಿ 'ಟಿಪ್ಪು ಸತ್ತ ಜಾಗ' ಅಂತೀವಿ. ಕಲ್ಲು ಹಾಗೆ ಹೇಳುವುದಿಲ್ಲ. 'ಸಿಕ್ಕಿತು' ಅನ್ನುತ್ತದೆ. ಈ ಒಂದು ಪದದ ಮೇಲೆ ನನಗೆ ಬಹಳ ಗೌರವ. ಅವತ್ತು ಸಂಜೆ ಕೋಟೆ ಬಿದ್ದಿತ್ತು, ಸುಲ್ತಾನ ಎಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ. ಅರಮನೆಯಲ್ಲಿ ಹುಡುಕಿದರು, ಇರಲಿಲ್ಲ. ಕತ್ತಲಾದ ಮೇಲೆ ಪಂಜು ಹಿಡಿದುಕೊಂಡು ಬಾಗಿಲ ಹತ್ತಿರ ರಾಶಿ ಬಿದ್ದ ಹೆಣಗಳ ನಡುವೆ ಹುಡುಕಿದರು. ಅಲ್ಲಿ ಸಿಕ್ಕಿದರು. ಯಾವ ಗಳಿಗೆಯಲ್ಲಿ, ಯಾರ ಗುಂಡಿಗೆ ಬಿದ್ದರು ಅಂತ ಕಲ್ಲು ಹೇಳಲು ಹೋಗುವುದಿಲ್ಲ. ಕಂಡದ್ದನ್ನಷ್ಟೇ ಹೇಳುತ್ತದೆ. ಆ ರಾಶಿಯಲ್ಲಿ ಅವರ ಸುತ್ತ ಬಿದ್ದಿದ್ದವರು ಯಾರು? ಅವರನ್ನೂ ಯಾರೋ ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದರು, ಅಲ್ವಾ?

ಮಾರನೇ ದಿನ ಟಿಪ್ಪುವನ್ನು ಗುಂಬಜ್‌ನಲ್ಲಿ ತಂದೆ ಹೈದರ್ ಅಲಿ, ತಾಯಿ ಫಕ್ರುನ್ನೀಸಾ ಪಕ್ಕದಲ್ಲಿ ಮಣ್ಣು ಮಾಡಿದರು. ಆ ಸಂಜೆ ಗುಡುಗು ಸಿಡಿಲಿನ ಮಳೆ ಸುರಿಯಿತು, ಬ್ರಿಟಿಷ್ ಪಾಳೆಯದಲ್ಲಿ ಸಿಡಿಲಿಗೆ ಜನ ಸತ್ತರು ಅಂತ ಅವರೇ ಬರೆದಿಟ್ಟಿದ್ದಾರೆ. ಟಿಪ್ಪು ಕಾಯುತ್ತಿದ್ದ ಮಳೆ ಒಂದು ದಿನ ತಡವಾಗಿ ಬಂತು. ಗುಂಬಜ್‌ಗೆ ಹೋದಾಗ ಬಾಗಿಲು ನೋಡಿ. ಕರಿಮರಕ್ಕೆ ದಂತದ ಕೆತ್ತನೆ ಕೂರಿಸಿದ್ದಾರೆ. ಅದನ್ನು 1855ರಲ್ಲಿ ಕೊಡಿಸಿದ್ದು ಗವರ್ನರ್ ಜನರಲ್ ಡಾಲ್‌ಹೌಸಿ. ಗೆದ್ದವರು ಸೋತವನ ಗೋರಿಗೆ ಕೊಟ್ಟ ಬಾಗಿಲು.

ಈಗ ಕರ್ನಲ್ ಬೈಲಿ ವಿಷಯಕ್ಕೆ ಬರ್ತೀನಿ. ಪಟ್ಟಣಕ್ಕೆ ಬಂದವರೆಲ್ಲ ಬೈಲಿ ಸೆರೆಮನೆ ನೋಡಿಯೇ ಹೋಗುತ್ತಾರೆ. ಇಟ್ಟಿಗೆ ಗಾರೆಯ ಕಮಾನುಗಳು, ಗೋಡೆಗೆ ಸೇರಿಸಿದ ತೂತು ಕೊರೆದ ಕಲ್ಲುಗಳು, ಕೈದಿಗಳ ಸರಪಳಿ ಕಟ್ಟುತ್ತಿದ್ದದ್ದು ಅದಕ್ಕೇ. ಒಳಗೊಂದು ಫಿರಂಗಿ ಬಿದ್ದಿದೆ. ಬೈಲಿ 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪು ಕೈಗೆ ಸಿಕ್ಕಿಬಿದ್ದ ಬ್ರಿಟಿಷ್ ಸೇನಾಪತಿ. 1782ರ ನವೆಂಬರ್‌ನಲ್ಲಿ ಸೆರೆಯಲ್ಲೇ ಸತ್ತ.

ಈ ಒಬ್ಬ ಮನುಷ್ಯನಿಗೆ ನಮ್ಮ ಪುಟ್ಟ ಊರಿನಲ್ಲಿ ಮೂರು ಗುರುತು ಇವೆ. ಒಂದು, ಅವನ ಹೆಸರಿನ ಸೆರೆಮನೆ. ಎರಡು, ದರಿಯಾ ದೌಲತ್ ಗೋಡೆಯ ಮೇಲಿನ ಚಿತ್ರ. 1784ರಲ್ಲಿ ಕಟ್ಟಿದ ಆ ಬೇಸಿಗೆ ಅರಮನೆಯ ಪಶ್ಚಿಮ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧ ಬರೆಸಿದ್ದಾರೆ. ಬ್ರಿಟಿಷ್ ಸೈನ್ಯದ ಚೌಕದ ನಡುವೆ ಪಲ್ಲಕ್ಕಿಯಲ್ಲಿ ಕೂತವನೇ ಬೈಲಿ. ಇದು ಗೆದ್ದ ಟಿಪ್ಪು ಬರೆಸಿದ ನೆನಪು. ಮೂರು, ಗುಂಬಜ್ ಹತ್ತಿರದ ಸ್ಮಾರಕ. ಅದನ್ನು ಕಟ್ಟಿಸಿದ್ದು 1816ರಲ್ಲಿ ಅವನ ಅಣ್ಣತಮ್ಮಂದಿರ ಮಗ. ಆತ ಲಖನೌದಲ್ಲಿ ಬ್ರಿಟಿಷ್ ರೆಸಿಡೆಂಟ್, ಅಂದರೆ ನವಾಬರ ಆಸ್ಥಾನದಲ್ಲಿ ಕಂಪನಿಯ ಪ್ರತಿನಿಧಿ, ಆಗಿದ್ದವನು.

ಅಲ್ಲಿ ನಿಂತಾಗ ನನಗೆ ಬೈಲಿ ಮೇಲೆ ಸಿಟ್ಟು ಬರುವುದಿಲ್ಲ. ಚಿಕ್ಕಪ್ಪನೋ ದೊಡ್ಡಪ್ಪನೋ ಸತ್ತು 34 ವರ್ಷ ಆದ ಮೇಲೆ ಅಷ್ಟು ದೂರದಿಂದ ನೆನೆದು ಕಲ್ಲು ಹಾಕಿಸಿದನಲ್ಲ, ಅದು ಪ್ರೀತಿಯೇ. ಆದರೆ ಅದಕ್ಕೆ ದುಡ್ಡು ಬೇಕು, ಹುದ್ದೆ ಬೇಕು, ಕಲ್ಲಿನ ಜಾಗದ ಮೇಲೆ ಹಿಡಿತ ಬೇಕು. ಈ ಮೂರೂ ಇದ್ದ ಅಣ್ಣತಮ್ಮಂದಿರ ಮಕ್ಕಳು ಪಟ್ಟಣದ ಸಿಪಾಯಿಗೆ ಇರಲಿಲ್ಲ. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇದು.

ಹಾಗೇ ಇನ್ನೊಂದು ಮಾತು. ಪೊಳ್ಳಿಲೂರಿನಲ್ಲಿ ಸಿಕ್ಕಿಬಿದ್ದು ಸುಮಾರು ಮೂರೂವರೆ ವರ್ಷ ಈ ನಾಡಿನ ಸೆರೆಯಲ್ಲಿದ್ದ ಇನ್ನೊಬ್ಬ ಅಧಿಕಾರಿ ಡೇವಿಡ್ ಬೇರ್ಡ್. 1784ರಲ್ಲಿ ಮಂಗಳೂರು ಒಪ್ಪಂದ ಆದ ಮೇಲೆ ಬಿಡುಗಡೆ ಆಯಿತು. 1799ರಲ್ಲಿ ಒಡೆದ ಗೋಡೆ ಹತ್ತಿದ ಸೈನ್ಯದ ಮುಂದಾಳು ಅವನೇ. ಸೆರೆಮನೆಯಿಂದ ಕಂಬಕ್ಕೆ ನಡೆದು ಹೋಗಲು ಎಷ್ಟು ಹೊತ್ತು ಬೇಕು? ಅಷ್ಟೇ ದೂರದಲ್ಲಿ ಒಬ್ಬ ಮನುಷ್ಯನ ಹತ್ತೊಂಬತ್ತು ವರ್ಷ ಇದೆ.

ನನಗೆ ಅತ್ಯಂತ ಇಷ್ಟವಾದ ಜಾಗದ ಬಗ್ಗೆ ಈಗ ಹೇಳುತ್ತೇನೆ. ಇಲ್ಲಿ ಕೂತಿರುವ ಎಷ್ಟೋ ಜನ ಅದರ ಮುಂದೆ ನೂರು ಸಲ ಹಾದುಹೋಗಿದ್ದರೂ ಒಳಗೆ ಹೋಗಿರಲಿಕ್ಕಿಲ್ಲ. ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನ. ಸುಮಾರು ಮುನ್ನೂರು ಗೋರಿಗಳಿವೆ. 1799ರ ನಂತರ ಇಲ್ಲಿ ಬೀಡುಬಿಟ್ಟ ದಂಡಿನವರದ್ದು. ಯುದ್ಧ ಮುಗಿದಿತ್ತು. ಆದರೂ ಯಾಕೆ ಇಷ್ಟು ಗೋರಿ? ಜ್ವರ. ಈ ದ್ವೀಪದ ಚಳಿಜ್ವರ ಸಿಪಾಯಿಗಳನ್ನು ಸಾಲುಸಾಲಾಗಿ ಮಲಗಿಸಿತು. ಕೊನೆಗೆ 1809ರ ಹೊತ್ತಿಗೆ ದಂಡನ್ನು ಇಲ್ಲಿಂದ ಎತ್ತಿ ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಇವತ್ತಿನ ಅಷ್ಟು ದೊಡ್ಡ ಬೆಂಗಳೂರಿನ ಒಂದು ಬೇರು ಪಟ್ಟಣದ ಸೊಳ್ಳೆಯಲ್ಲಿದೆ ಅಂದರೆ ಮಕ್ಕಳು ನಂಬುತ್ತಿರಲಿಲ್ಲ. ಗೋರಿಗಳ ನಡುವೆ ನಿಲ್ಲಿಸಿ ಹೇಳಿದ ಮೇಲೆ ನಂಬಿದರು.

ಅಲ್ಲಿ ಸುಮ್ನೆ ನಿಂತು ಓದಬೇಕು. ಹೆಂಡತಿಗೆ ಗಂಡ ಹಾಕಿಸಿದ ಕಲ್ಲು. ಮಗುವಿಗೆ ಅಪ್ಪ ಅಮ್ಮ ಹಾಕಿಸಿದ ಕಲ್ಲು. ಅಲ್ಲಿ ಮಲಗಿರುವವರಲ್ಲಿ ಡಿ ಮ್ಯುರೋನ್ ಅನ್ನುವ ಸ್ವಿಸ್ ದಂಡಿನವರೂ ಇದ್ದಾರೆ. ಆ ದಂಡು ಮೊದಲು ಸಿಲೋನಿನಲ್ಲಿ ಡಚ್ಚರ ಕಂಪನಿಗೆ ದುಡಿಯುತ್ತಿತ್ತು. 1795ರಲ್ಲಿ ಬ್ರಿಟಿಷರ ಕಡೆ ಬಂತು. ನಾಲ್ಕು ವರ್ಷ ಆದ ಮೇಲೆ ಇಲ್ಲಿನ ಗೋಡೆ ಹತ್ತಿತು. ಹಿಮದ ಬೆಟ್ಟಗಳ ನಾಡಿನಲ್ಲಿ ಹುಟ್ಟಿದ ಹುಡುಗರು, ಯಾರದೋ ಜಗಳಕ್ಕೆ ಸಂಬಳಕ್ಕೆ ಬಂದು, ಭತ್ತದ ಗದ್ದೆ ಪಕ್ಕ ಮಣ್ಣಾದರು.

ಎಷ್ಟೋ ಕಾಲ ಆ ಸ್ಮಶಾನದಲ್ಲಿ ಗಿಡಗಂಟಿ ಬೆಳೆದು ಗೋರಿ ಕಾಣುತ್ತಿರಲಿಲ್ಲ. ನಾನು ಚಿಕ್ಕವನಾಗಿದ್ದಾಗ ದನ ಮೇಯಿಸುವವರು ಬಿಟ್ಟರೆ ಯಾರೂ ಒಳಗೆ ಹೋಗುತ್ತಿರಲಿಲ್ಲ. ಆಮೇಲೆ ಸುಮಾರು 2007-08ರ ಹೊತ್ತಿಗೆ ಡಿ ಮ್ಯುರೋನ್ ವಂಶದವರು ಮುಂದೆ ಬಂದು ಅದನ್ನು ದುರಸ್ತಿ ಮಾಡಿಸಿದರು. ಇನ್ನೂರು ವರ್ಷದ ಹಿಂದೆ ಈ ಕಡೆ ಬಂದು ಸತ್ತವರಿಗಾಗಿ. ನಾನು ಆ ಕೆಲಸ ನೋಡಲು ಹೋಗಿದ್ದೆ. ಮನಸ್ಸು ತುಂಬಿ ಬಂತು. ಹಾಗೇ ಒಂದು ಸಂಕಟವೂ ಆಯ್ತು. ನಾವು ನಮ್ಮವರಿಗೆ ಇದನ್ನು ಮಾಡಿದ್ದೀವಾ?

'ನಮ್ಮ ಕಡೆ ಸಾಮಾನ್ಯ ಜನರಿಗೆ ಕಲ್ಲು ಹಾಕುವ ಪದ್ಧತಿ ಇರಲಿಲ್ಲ' ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಇದು ತಪ್ಪು. ಬಹಳ ದೊಡ್ಡ ತಪ್ಪು. ಸತ್ತ ಸಾಮಾನ್ಯ ಮನುಷ್ಯನಿಗೆ ಹೆಸರು ಬರೆದು ಕಲ್ಲು ನೆಡುವುದರಲ್ಲಿ ಕನ್ನಡ ನಾಡಿನಷ್ಟು ಶ್ರದ್ಧೆ ತೋರಿಸಿದ ನಾಡು ಕಡಿಮೆ. ದನ ಕದಿಯಲು ಬಂದವರ ಮೇಲೆ ಬಿದ್ದು ಸತ್ತವನಿಗೆ ವೀರಗಲ್ಲು. ಹುಲಿ ಜೊತೆ ಹೋರಾಡಿ ಸತ್ತವನಿಗೆ ವೀರಗಲ್ಲು. ಬೆಂಗಳೂರು ಅನ್ನುವ ಹೆಸರು ಸಿಗುವ ಬೇಗೂರಿನ ಹಳೇ ಕಲ್ಲು, ಸುಮಾರು ಸಾವಿರದ ನೂರು ವರ್ಷದ್ದು, ಅದೂ 'ಬೆಂಗಳೂರ ಕಾಳಗ'ದಲ್ಲಿ ಸತ್ತವನ ವೀರಗಲ್ಲೇ. ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ಕಾಲದಿಂದ ಊರೂರು ಸುತ್ತಿ ಇಂಥ ಸಾವಿರಾರು ಕಲ್ಲುಗಳನ್ನು ಓದಿ ಬರೆದಿಟ್ಟಿದ್ದಾರೆ.

ನಮ್ಮದೇ ಮಂಡ್ಯ ಜಿಲ್ಲೆಯ ಒಂದು ಕಲ್ಲಿನ ಕಥೆ ಕೇಳಿ. ಮದ್ದೂರು ತಾಲ್ಲೂಕಿನ ಆತಕೂರು. ಕ್ರಿ.ಶ. 949-50ರ ಕಲ್ಲು. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧ ಆಯಿತು. ಕೃಷ್ಣನ ಕಡೆ ನಿಂತು ರಾಜಾದಿತ್ಯನನ್ನು ಕೊಂದವನು ಗಂಗರ ಬೂತುಗ. ಬೂತುಗನ ಬಂಟ ಮಣಲೇರ. ಅವನ ಶೌರ್ಯಕ್ಕೆ ಒಡೆಯ ಮೆಚ್ಚಿ, ಏನು ಬೇಕು ಕೇಳು ಅಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೊಡಿ ಅಂದ. ಕೊಟ್ಟರು. ಮುಂದೆ ಒಂದು ದಿನ ಬೆಳತೂರಿನ ಕಡೆಯ ದಿಬ್ಬದಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಹಂದಿ, ನಾಯಿ ಎರಡೂ ಕಚ್ಚಾಡಿ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನಲ್ಲಿ, ಚಲ್ಲೇಶ್ವರನ ಗುಡಿ ಮುಂದೆ, ಕಾಳಿಗೆ ಕಲ್ಲು ನೆಡಿಸಿದ. ಕಲ್ಲಿನ ಮೇಲೆ ನಾಯಿ ಹಂದಿಗಳ ಕಾದಾಟ ಕೆತ್ತಿಸಿದ. ಕಲ್ಲಿಗೆ ಪೂಜೆ ನಡೆಯಲು ಭೂಮಿ ಬಿಟ್ಟ. ಗುಡಿ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಅವನಿಗೆ ಪಾಪ ಅಂತ ಬರೆಸಿದ.

ಎರಡು ಸಾಮ್ರಾಜ್ಯಗಳ ಯುದ್ಧದ ಸುದ್ದಿ ನಮಗೆ ಸಿಕ್ಕಿರುವುದು ಒಂದು ನಾಯಿಯ ಕಲ್ಲಿನಲ್ಲಿ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕಿಗೆ ಹೋದಾಗ ನೋಡಿಕೊಂಡು ಬನ್ನಿ. ಸಾವಿರ ವರ್ಷದ ಹಿಂದೆ ನಾಯಿಗೂ ಹೆಸರು ಬರೆದ ಜಿಲ್ಲೆ ಇದು. ಅದೇ ಜಿಲ್ಲೆಯಲ್ಲಿ 1799ರ ಮೇ 4ರಂದು ಸತ್ತ ಸಾವಿರಾರು ಜನರಿಗೆ ಹೆಸರಿಲ್ಲ. ಹುಡುಗನಿಗೆ ಉಳಿದ ಅರ್ಧ ಉತ್ತರ ಇಲ್ಲಿದೆ. ಕಲ್ಲು ನೆಡುವ ಪದ್ಧತಿ ನಮಗೆ ಗೊತ್ತಿತ್ತು. ಅವತ್ತು ನೆಡಬೇಕಾದವರೇ ಉಳಿಯಲಿಲ್ಲ. ಉಳಿದವರ ಮನೆಯನ್ನು ಅದೇ ರಾತ್ರಿ ಲೂಟಿ ಮಾಡಿದರು. ಲೂಟಿಯಾಗದ ಮನೆ ಇಲ್ಲ ಅನ್ನುವಷ್ಟು ಆಯಿತು ಅಂತ ಮಾರನೇ ದಿನ ಪಟ್ಟಣದ ಉಸ್ತುವಾರಿ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಬರೆದಿದ್ದಾನೆ. ನಿಲ್ಲಿಸಲು ಕೆಲವರನ್ನು ಗಲ್ಲಿಗೇರಿಸಬೇಕಾಯಿತು. ಆ ರಾತ್ರಿಗೆ ಪಟ್ಟಣದಲ್ಲಿ ಒಂದು ಫಲಕವೂ ಇಲ್ಲ.

ಇಲ್ಲದ್ದರ ಬಗ್ಗೆ ಮಾತಾಡುವಾಗ ಲಾಲ್ ಮಹಲ್ ಬಗ್ಗೆಯೂ ಹೇಳಬೇಕು. ಟಿಪ್ಪು ವಾಸ ಇದ್ದ ಅರಮನೆ. ರಂಗನಾಥಸ್ವಾಮಿ ಗುಡಿಗೆ ಹೋಗುವಾಗ ಹತ್ತಿರದಲ್ಲೇ ಅದರ ಜಾಗ ಇದೆ, ಅರಮನೆ ಇಲ್ಲ. ಕೆಡವಿದರು. ಅದರ ತೇಗದ ತೊಲೆಗಳು ಘಟ್ಟ ಹತ್ತಿ ಊಟಿಗೆ ಹೋದವು. ಅಲ್ಲಿ 1829ರಲ್ಲಿ ಕಟ್ಟಲು ಶುರು ಮಾಡಿದ ಸೇಂಟ್ ಸ್ಟೀಫನ್ಸ್ ಚರ್ಚಿನ ಚಾವಣಿ ಹೊತ್ತು ನಿಂತವು. ಈಗಲೂ ಇವೆ. ನಮ್ಮ ಊರಿನ ಅರಮನೆಯ ಮರ ನೋಡಬೇಕಾದರೆ ನೀಲಗಿರಿಗೆ ಹೋಗಬೇಕು.

ಇನ್ನು ಸೇತುವೆ. ಕಾವೇರಿಗೆ ಅಡ್ಡಲಾಗಿ ಕಲ್ಲಿನ ಕಂಬಗಳ ಮೇಲೆ ನಿಂತ ಹಳೇ ಸೇತುವೆಯನ್ನು ವೆಲ್ಲೆಸ್ಲಿ ಸೇತುವೆ ಅಂತೀವಿ. 1804ರಲ್ಲಿ ಮುಗಿಯಿತು. ಕಟ್ಟಿಸಿದವರು ದಿವಾನ್ ಪೂರ್ಣಯ್ಯ. ಹೆಸರು ಆರ್ಥರನದಲ್ಲ, ಅವನ ಅಣ್ಣ ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಅಡ್ಡಗಲ್ಲು, ಚಾಚುಗಲ್ಲು ಇಟ್ಟು ದೇವಸ್ಥಾನ ಕಟ್ಟುವ ನಮ್ಮ ಕಲ್ಲುಕುಟಿಗರ ಕೈಚಳಕವೇ ಅದರಲ್ಲಿ ಪೂರ್ತಿ ಕಾಣುತ್ತದೆ. ಎರಡು ನೂರು ವರ್ಷದ ಪ್ರವಾಹ ಅದರ ಮೇಲೆ ಹಾದುಹೋಗಿದೆ. ಪೂರ್ಣಯ್ಯ 1812ರಲ್ಲಿ ಇದೇ ಪಟ್ಟಣದಲ್ಲಿ ತೀರಿಕೊಂಡರು. ಈ ಸೇತುವೆ ದಾಟುವವರು ಅವರನ್ನು ನೆನೆಯಲಿ ಅಂತ ನನ್ನಾಸೆ. ಹಾಗೆ ನೋಡಿದರೆ ಬಂಗಾರದೊಡ್ಡಿ ನಾಲೆ ಇನ್ನೂ ಹಳೆಯದು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಕಾಲದ್ದು. ನದಿಯ ಮೇಲೆ ಮೇಲ್ಗಾಲುವೆ ಕಟ್ಟಿ ದ್ವೀಪಕ್ಕೆ ನೀರು ತಂದರು. ಫಲಕ ಬೇಡವೇ ಬೇಡ, ನೀರು ಹರಿಯುತ್ತಿದ್ದರೆ ಸಾಕು ಅನ್ನುವ ಸ್ಮಾರಕ ಅದು.

2017ರಲ್ಲಿ ನಡೆದದ್ದು ನಿಮಗೆಲ್ಲ ನೆನಪಿದೆ. ಬೆಂಗಳೂರು-ಮೈಸೂರು ಜೋಡಿ ರೈಲು ಹಳಿಗೆ ಟಿಪ್ಪು ಕಾಲದ ಒಂದು ಮದ್ದಿನ ಮನೆ ಅಡ್ಡ ಬಂತು. 1882ರಲ್ಲಿ ಮೈಸೂರು ತಲುಪಿದ ಮೊದಲ ಹಳಿಗೆ ಕೋಟೆಯೇ ದಾರಿ ಬಿಟ್ಟಿತ್ತು. ಆಗ ಯಾರೂ ಕೇಳಿರಲಿಲ್ಲ. ಈ ಸಲ ಮದ್ದಿನ ಮನೆಯನ್ನು ಒಡೆಯಲಿಲ್ಲ. ಅಡಿಪಾಯದ ಸಮೇತ ಎತ್ತಿ, ಸುಮಾರು ನೂರು ಮೀಟರ್ ಆಚೆ ನಿಧಾನವಾಗಿ ಸರಿಸಿ ಕೂರಿಸಿದರು. ಜನ ದಿನಾ ಹೋಗಿ ನಿಂತು ನೋಡುತ್ತಿದ್ದರು. ನಾನೂ ಹೋಗಿದ್ದೆ. ಜಾಗ ಬದಲಾದರೆ ಗುರುತಿನ ಅರ್ಥ ಸ್ವಲ್ಪ ಕಳೆಯುತ್ತದೆ, ನಿಜ. ಮದ್ದಿನ ಮನೆಯನ್ನು ಎಲ್ಲಿ ಯಾಕೆ ಕಟ್ಟಿದರು ಅನ್ನುವುದು ಆ ಜಾಗದಲ್ಲೇ ಇತ್ತು. ಆದರೂ ಇಟ್ಟಿಗೆ ಪುಡಿಯಾಗುವುದಕ್ಕಿಂತ ಇದು ಸಾವಿರ ಪಾಲು ಮೇಲು. ಹಳೇ ಜಾಗದಲ್ಲಿ ಒಂದು ಸಣ್ಣ ಕಲ್ಲಾದರೂ ಇರಲಿ ಅಂತ ನನ್ನ ಬೇಡಿಕೆ.

ಕಲ್ಲಿಗಿಂತ ಗಟ್ಟಿಯಾದ ಇನ್ನೊಂದು ಬಗೆಯ ಗುರುತಿದೆ. ಜನ ವರ್ಷಕ್ಕೊಮ್ಮೆ ಸೇರುವ ಜಾಗ. 1948ರ ಫೆಬ್ರುವರಿ 12ರಂದು ಪಶ್ಚಿಮವಾಹಿನಿಯಲ್ಲಿ ಗಾಂಧೀಜಿಯವರ ಚಿತಾಭಸ್ಮ ಬಿಟ್ಟರು. ಅವತ್ತಿನ ನೆನಪಿಗೆ ಅಲ್ಲಿ ಸರ್ವೋದಯ ಮೇಳ ನಡೆಯುತ್ತದೆ. ಹಿರಿಯರು ಬಂದು ನೂಲುತ್ತಾರೆ, ಭಜನೆ ಹಾಡುತ್ತಾರೆ. ಕಿರಂಗೂರಿನ ಬನ್ನಿ ಮಂಟಪವೂ ಹಾಗೇ. 1610ರಲ್ಲಿ ರಾಜ ಒಡೆಯರು ಪಟ್ಟಣ ಗೆದ್ದು ಇಲ್ಲಿ ದಸರಾ ಶುರು ಮಾಡಿದರು. ಮೈಸೂರಿಗೆ ಹೋದ ದಸರಾ ನಮಗೆ ಮರೆತೇ ಹೋಗಿತ್ತು. ಈಗ ಮತ್ತೆ ಬನ್ನಿ ಮಂಟಪದಿಂದ ಮೆರವಣಿಗೆ ಹೊರಡುತ್ತದೆ. ಡೊಳ್ಳಿನ ಸದ್ದು ಕೇಳಿದ ಮಗುವಿಗೆ ಆ ಮಂಟಪ ಯಾಕಿದೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಇಲ್ಲಿ ಕೂತಿರುವ ಮಕ್ಕಳಿಗೆ ಈಗ ಒಂದಿಷ್ಟು ಕೆಲಸ ಹೇಳುತ್ತೇನೆ. ಪಟ್ಟಣದ ದೊಡ್ಡ ಸ್ಮಾರಕಗಳನ್ನು ಇಲಾಖೆ ನೋಡಿಕೊಳ್ಳುತ್ತದೆ. ಸುತ್ತ ಬೇಲಿ ಇದೆ, ಕಾನೂನಿದೆ. ನಿಮ್ಮ ಬೀದಿಯ ಕಲ್ಲಿಗೆ ನೀವೇ ಗತಿ. ಹೊಲದ ಬದುವಿನಲ್ಲಿ, ಕೆರೆ ಏರಿ ಮೇಲೆ, ಮಾರಿಗುಡಿ ಹಿಂದೆ, ಅರಳಿಕಟ್ಟೆ ಕೆಳಗೆ ಕಲ್ಲುಗಳಿರುತ್ತವೆ. ಅಕ್ಷರ ಕಂಡರೆ ಸೀಮೆಸುಣ್ಣ ಉಜ್ಜಬೇಡಿ, ಚೂಪಾದ್ದರಿಂದ ಕೆರೆಯಬೇಡಿ, ಬಣ್ಣವಂತೂ ಬೇಡವೇ ಬೇಡ. ನಾನು ಹುಡುಗನಾಗಿದ್ದಾಗ ನೋಡಿದ್ದ ಒಂದು ಚೆಂದದ ವೀರಗಲ್ಲಿಗೆ ಜೀರ್ಣೋದ್ಧಾರದ ಭಕ್ತಿಯಲ್ಲಿ ಯಾರೋ ಪೇಂಟ್ ಹೊಡೆದರು. ಅಕ್ಷರದ ಗೆರೆಯೊಳಗೆ ಪೇಂಟ್ ತುಂಬಿಕೊಂಡಿತು. ಇನ್ನು ಅದನ್ನು ಓದುವ ಹಾಗಿಲ್ಲ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೂ ಹೋದದ್ದು ಹೋಯಿತು.

ಅಕ್ಷರ ಓದಲು ಸುಲಭದ ಉಪಾಯ ಬೆಳಕು. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ನೋಡಿ. ಇಲ್ಲವೇ ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿಯಿರಿ. ಮಧ್ಯಾಹ್ನ ಬರೀ ಬಂಡೆ ಥರ ಕಂಡದ್ದರ ಮೇಲೆ ಸಾಲುಸಾಲು ಎದ್ದು ಬರುತ್ತದೆ. ನಾಲ್ಕೂ ಕಡೆಯ ಫೋಟೊ ತೆಗೆಯಿರಿ. ಯಾವ ಸರ್ವೆ ನಂಬರು, ಯಾರ ಹೊಲ, ಯಾವ ಕಡೆ ಮುಖ ಅಂತ ಬರೆದುಕೊಳ್ಳಿ. ಮನೆಯ ಅಜ್ಜಿಯನ್ನು ಕೇಳಿ, ಈ ಕಲ್ಲಿಗೆ ನೀವು ಏನಂತ ಕರೀತಿದ್ರಿ ಅಂತ. ಆ ಹೆಸರು ಯಾವ ಶಾಸನದಲ್ಲೂ ಇರುವುದಿಲ್ಲ. ಅಜ್ಜಿ ಹೋದರೆ ಹೋಯಿತು.

ಇನ್ನೊಂದು. ಒಳಗೆ ಸತ್ತವರ ಹೆಸರು ಈಗ ಹುಡುಕಲು ಆಗುತ್ತದಾ? ಎಲ್ಲರದ್ದೂ ಆಗುವುದಿಲ್ಲ. ಕೆಲವು ಸಿಗುತ್ತವೆ. ಸೈಯದ್ ಗಫಾರ್ ಇದ್ದಾನೆ. ಒಡೆದ ಗೋಡೆ ಕಾಯುತ್ತಿದ್ದವನು, ಆವತ್ತು ಮಧ್ಯಾಹ್ನ ಫಿರಂಗಿ ಗುಂಡಿಗೆ ಸತ್ತ. ಟಿಪ್ಪು ಊಟಕ್ಕೆ ಕೂತಾಗ ಈ ಸುದ್ದಿ ಬಂತು, ಅರ್ಧಕ್ಕೆ ಎದ್ದು ಹೋದರು ಅಂತಾರೆ. ಈ ಒಂದು ಹೆಸರನ್ನಾದರೂ ಇವತ್ತು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕೆಳಗೆ ಜಾಗ ಖಾಲಿ ಬಿಡಿ.

ಇಷ್ಟು ಹೇಳಿ ಮಾತು ನಿಲ್ಲಿಸಿದೆ. ಪ್ರಶ್ನೆ ಇದ್ದರೆ ಕೇಳಿ ಅಂದೆ. ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು, ಎಂಟನೇ ಕ್ಲಾಸು ಇರಬಹುದು, ಎದ್ದು ನಿಂತಳು. "ಸರ್, ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಕೆಳಗಡೆ ಏನೋ ಕೆತ್ತಿರೋ ಹಾಗೆ ಕೈಗೆ ಸಿಗುತ್ತೆ" ಅಂದಳು.

ಮಾರನೇ ದಿನ ಬೆಳಗ್ಗೆ ಏಳಕ್ಕೆ ಐದಾರು ಜನ ಅವರ ಮನೆಗೆ ಹೋದೆವು. ಅವಳ ಅಪ್ಪ, ಪಕ್ಕದ ಮನೆಯ ಇಬ್ಬರು ಹುಡುಗರು ಹಾರೆ ಹಾಕಿ ಕಲ್ಲನ್ನು ಮೆಲ್ಲಗೆ ಮಗುಚಿದರು. ನೀರು ಹಾಕಿ ಮಣ್ಣು ತೊಳೆದೆವು. ಅಕ್ಷರ ಇರಲಿಲ್ಲ. ಮೇಲ್ತುದಿಯಲ್ಲಿ ಸೂರ್ಯ, ಪಕ್ಕದಲ್ಲಿ ಚಂದ್ರ. ಕೆಳಗೆ ಕತ್ತಿ ಹಿಡಿದ ಒಬ್ಬ ಮನುಷ್ಯ, ಮುಖ ಸವೆದಿತ್ತು. ಹುಡುಗಿ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದಳು. ಕಾಲಿನ ಕಡಗ ಕಾಣಿಸಿತು.

ಅವಳ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಹೋಗಿ ಅರಿಶಿನ ಕುಂಕುಮದ ಬಟ್ಟಲು ತಂದರು. ಆಮೇಲೆ ಮಗನ ಕಡೆ ತಿರುಗಿ, "ಇವನನ್ನ ಗೋಡೆಗೆ ಒರಗಿಸಿ ನಿಲ್ಸಪ್ಪ. ಬಟ್ಟೆಗೆ ಬೇರೆ ಕಲ್ಲು ತಂದ್ರಾಯ್ತು" ಅಂದರು.